ಹೂ ಬಿಟ್ಟ ಮ್ಯಾಲೆ ಹೋಗೂಣು

ಅಕ್ಕಾರ, ನಾನು ನಿಮಗೆ ಸುಳ್ಳು ಹೇಳಿದೆ. ನಿಮ್ಮ ತಂಗಿ ನಿರ್ಮಲಾ ಹೆಚ್ಚು ದಿನ ಉಳಿಯುವುದಿಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು. ನಿಮಗೆ ಹೇಳಲಿಲ್ಲ. ಅವಳಿಗೂ ಹೇಳಲಿಲ್ಲ.

ನಿಮ್ಮ ಅವ್ವ ತೀರಿಕೊಂಡಾಗ ಅವಳು ಅಗರಖೇಡ ಮುಟ್ಟುವಷ್ಟರಲ್ಲಿ ಮಣ್ಣಾಗಿಹೋಗಿತ್ತು. "ಅವ್ವನ ಮುಖ ನೋಡಾಕೂ ನನ್ನ ಕಾಯಲಿಲ್ಲಲ್ಲ ಅಕ್ಕಾ" ಎಂದು ನಿಮ್ಮೊಡನೆ ಜಗಳವಾಡಿ, ನೀರೂ ಕುಡಿಯದೆ ತಿರುಗಿ ಬಂದಳು. ಅಂದಿನಿಂದ ನಿಮ್ಮಿಬ್ಬರ ಮಾತು ನಿಂತಿತು. ಅಲ್ಲಿಯವರೆಗಿನದು ನಿಮಗೆ ಗೊತ್ತು. ಗೊತ್ತಿಲ್ಲದ್ದನ್ನು ಹೇಳಬೇಕು.

ಆಮೇಲೊಮ್ಮೆ ಆಲಮಟ್ಟಿಗೆ ಹೋದಾಗ ನಿರ್ಮಲಾ ಅಲ್ಲಿಂದ ಆರ್ಕಿಡ್ ಗಿಡಗಳನ್ನು ತಂದಿದ್ದಳು. ನಮ್ಮ ಬಾಗೇವಾಡಿಯ ಮೊದಲ ಚಳಿಗೇ ಅರ್ಧದಷ್ಟು ಗಿಡ ಎಲೆ ಕಪ್ಪಾಗಿ ಸತ್ತವು. "ವೆಲ್ಡಿಂಗ್ ಅಂಗಡಿ ಇಟ್ಟೀರಿ, ನನಗೊಂದು ನೆರಳಮನಿ ಮಾಡಿಕೊಡಾಕ ಆಗೂದಿಲ್ಲೇನು?" ಎಂದು ಬೆನ್ನುಹತ್ತಿದಳು. ಹಿತ್ತಲಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ, ಮೇಲೆ ಹಸಿರು ನೆಟ್ಟು ಬಿಗಿದೆ. ಆ ಹೊತ್ತಿಗೇ ಅವಳ ಹೊಟ್ಟೆನೋವು ಜೋರಾಯಿತು.

ವಿಜಯಪುರದಲ್ಲಿ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. "ಕ್ಯಾನ್ಸರ್ ಬಹಳ ಹಬ್ಬೇತ್ರಿ. ಚಳಿಗಾಲ ದಾಟೂದು ಕಷ್ಟ. ಆಕಿಗೂ ಹೇಳ್ರಿ, ಬಳಗದವರನ್ನೂ ಕರಸ್ರಿ." ಹೊರಗೆ ಬಂದೆ. ಬೆಂಚಿನ ಮೇಲಿಂದ ಎದ್ದು ನಿಂತು, "ಏನಂದ್ರು?" ಎಂದಳು. "ಹೊಟ್ಟ್ಯಾಗ ಹುಣ್ಣಾಗೈತಂತ. ಗುಳಿಗಿ ತಗೊಂಡ್ರ ಹೋಗತೈತಿ" ಎಂದುಬಿಟ್ಟೆ. ಅವಳ ಮುಖ ಎಷ್ಟು ಹಗುರಾಯಿತೆಂದರೆ — ಆ ಮುಖ ಕೆಡಿಸಲು ನನಗೆ ಧೈರ್ಯವಾಗಲಿಲ್ಲ. ಇಲ್ಲ, ಅದೂ ಪೂರ್ತಿ ನಿಜವಲ್ಲ. ಉಳಿದ ದಿನಗಳಲ್ಲಿ ಅವಳು ನನ್ನವಳಾಗಿಯಷ್ಟೇ ಇರಲಿ, ಮನೆಯಲ್ಲಿ ಯಾರ ಅಳುವೂ ಬೇಡ ಎಂಬ ಆಸೆಯೂ ಒಳಗಿತ್ತು.

ಮಳೆಗಾಲವೆಲ್ಲ ಇಬ್ಬರೂ ಆ ನೆರಳಮನೆಯಲ್ಲೇ ಕಳೆದೆವು. ಕುಂಡಗಳಿಗೆ ಅವಳು ಇದ್ದಿಲು, ಇಟ್ಟಂಗಿ ಚೂರು ತುಂಬುವಳು. ನಾನು ಕುಂಡ ಇಡುವ ಹಲಗೆಗಳಿಗೆ ಕಾಲು ಕೂಡಿಸುವೆ. ಚಳಿಗೆಂದು ನಾಲ್ಕೂ ಬದಿಗೆ ದಪ್ಪ ಪ್ಲಾಸ್ಟಿಕ್ ಪರದೆ — ಸಂಜೆ ಇಳಿಬಿಡಬೇಕು, ಬಿಸಿಲೇರಿದ ಮೇಲೆ ಸುತ್ತಿ ಮೇಲೆ ಕಟ್ಟಬೇಕು. ಹರಿಯದಿರಲೆಂದು ಅಂಚಿಗೆ ಗೋಣಿಪಟ್ಟಿ ಇಟ್ಟು ತನ್ನ ಮಷೀನಿನಲ್ಲೇ ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ಹೊಲಿಗೆ ನಿಲ್ಲಿಸಿ ಅಂದಳು:

"ಅಕ್ಕನ ಜೋಡಿ ಎಷ್ಟ ದಿನಾಂತ ಸಿಟ್ಟಿರ್ಲಿ? ಆಕೀದೇನು ತಪ್ಪಿತ್ತರಿ, ಊರ ಮಂದಿ ಅವಸರ ಮಾಡಿದ್ರು. ಈ ವಾರ ಹೋಗಿ ಬರೂಣೇನು? ಇಲ್ಲಾ, ಚಳಿ ದಾಟಿ ಹೂ ಬಿಡ್ಲಿ, ಒಂದು ಗಿಡ ತಗೊಂಡೇ ಹೋಗೂಣೇನು?"

ಈ ವಾರವೇ ಹೋಗೋಣ ಎನ್ನಬೇಕಿತ್ತು. ಚಳಿ ದಾಟುವುದಿಲ್ಲವೆಂದು ಗೊತ್ತಿದ್ದವನು ನಾನೊಬ್ಬನೇ. ನೀವು ನೋಡಿದರೆ ಅವಳು ಸೊರಗಿದ್ದು ನಿಮಗೆ ತಿಳಿಯುತ್ತದೆ, ನನ್ನ ಸುಳ್ಳು ಹೊರಬೀಳುತ್ತದೆ ಎಂದು ಹೆದರಿದೆ. "ಹೂ ಬಿಟ್ಟ ಮ್ಯಾಲೆ ಹೋಗೂಣು" ಎಂದೆ. ಅವಳು ನಂಬಿ ಮತ್ತೆ ಹೊಲಿಯತೊಡಗಿದಳು.

ದಸರೆಗೆ ನೀವೇ ಫೋನು ಮಾಡಿದಿರಿ. ನೆನಪಿದೆಯಲ್ಲ — "ನಿರ್ಮಲಾನ್ನ ದವಾಖಾನ್ಯಾಗ ನೋಡಿದ್ರಂತ. ಬರ್ಲೇನ್ರಿ ನಾನು?" ಅವಳು ಹಿತ್ತಲಲ್ಲೇ ಇದ್ದಳು, ಕೂಗಿದರೆ ಕೇಳುವಷ್ಟು ಹತ್ತಿರ. ನಾನು ಅಂಗಡಿಯ ಕಡೆ ನಡೆಯುತ್ತ, "ಆರಾಮ ಅದಾಳ್ರಿ. ಈಗ ಬ್ಯಾಡ್ರಿ, ಆಕೀನೇ ಬರ್ತಾಳ" ಎಂದೆ. ನೀವು ಫೋನು ಮಾಡಿದ್ದನ್ನು ಅವಳಿಗೆ ಹೇಳಲೇ ಇಲ್ಲ.

ದೀಪಾವಳಿ ಮುಗಿದು ಚಳಿ ಬೀಳತೊಡಗಿತ್ತು. ಕೊನೆಯ ಪರದೆ ಹೊಲಿಯುತ್ತ ಮಷೀನಿನ ಮೇಲೇ ಒರಗಿದಳು. ದವಾಖಾನೆಯಲ್ಲಿ ಎಚ್ಚರವಾದಾಗ ನನ್ನ ಮುಖವನ್ನೇ ನೋಡುತ್ತ ಮಲಗಿದ್ದಳು.

"ನಿಮಗ ಮೊದಲೇ ಗೊತ್ತಿತ್ತು, ಹೌದಿಲ್ಲೋ?"

ನಾನು ತಲೆ ತಗ್ಗಿಸಿದೆ.

"ಹೇಳಿದ್ರ ಅಕ್ಕನ ನೋಡಿ ಬರ್ತಿದ್ನಲ್ರಿ…"

ಬೈಯಲಿಲ್ಲ. ಮತ್ತೆ ಮಾತೂ ಆಡಲಿಲ್ಲ. ಆಗ ನಿಮಗೆ ಫೋನು ಮಾಡಿದೆ. ನೀವು ಇಂಡಿ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೀವು ಬರುವತನಕ ಮಣ್ಣು ಮಾಡಲು ನಾನು ಬಿಡಲಿಲ್ಲ. ಅದಕ್ಕಾಗಿ ನೀವು ನನಗೆ ಕೈಮುಗಿದಿರಿ. "ನಿಮಗೂ ಗೊತ್ತಾಗಲಿಲ್ಲೇನ್ರಿ?" ಎಂದು ಅತ್ತಿರಿ. "ಇಲ್ರಿ ಅಕ್ಕಾರ, ಏಕಾಏಕಿ ಆತು" ಎಂದೆ. ಅವಳು ಪಕ್ಕದಲ್ಲೇ ಮಲಗಿದ್ದಳು.

ಗಿಡಗಳು ಆ ಚಳಿ ದಾಟಿದವು, ಹೂವೂ ಬಿಟ್ಟವು. ಒಂದನ್ನಾದರೂ ನಿಮ್ಮ ಮನೆಗೆ ತರಲು ಕಾಲು ಏಳಲಿಲ್ಲ. ವರ್ಷಗಳೇ ಹೋದವು. ಮೊನ್ನೆ ಸಿಂದಗಿಯ ಮದುವೆಯಲ್ಲಿ ಸಿಕ್ಕಿದಿರಿ, ನನ್ನ ಪಕ್ಕ ಕೂತು ಮೆಲ್ಲಗೆ ಅಂದಿರಿ — "ನನ್ನ ತಂಗಿ ಕಡೀತನಕ ಸಿಟ್ಟು ಬಿಡಲಿಲ್ಲ ನೋಡ್ರಿ." ಇಷ್ಟು ವರ್ಷವೂ ನೀವು ಅದನ್ನೇ ನಂಬಿಕೊಂಡು — ನಾನು ಅಲ್ಲಿಯೂ ಸುಮ್ಮನೆ ಕೂತಿದ್ದೆ.

ಬಿಟ್ಟಿದ್ದಳು ಅಕ್ಕಾರ. ಎಂದೋ ಬಿಟ್ಟಿದ್ದಳು. ನಿಮ್ಮ ಕಡೆ ಹೊರಟು ನಿಂತವಳನ್ನು ತಡೆದವನು ನಾನು. ಕ್ಷಮಿಸಿ ಎನ್ನಲು ನನಗೆ ಬಾಯಿಲ್ಲ. ಈಗ ಒಬ್ಬನೇ ಕೂತು ಮನಸ್ಸಿನಲ್ಲಿ ಹೇಳಿಕೊಂಡ ಇದನ್ನೆಲ್ಲ ನಾಳೆ ಅಗರಖೇಡಕ್ಕೆ ಬಂದು ನಿಮ್ಮೆದುರು ಹೇಳುತ್ತೇನೆ. ಕೇಳಿದ ಮೇಲೆ ನೀವು ನನ್ನ ಮುಖ ನೋಡಬೇಕೆಂದಿಲ್ಲ.