ಕರಿಯ ಕೌದಿಯ ಸೋದರತ್ತೆ

ಹಿಡಿದ ಸೂಜಿಯನ್ನು ಕೆಲಸ ಮುಗಿಯದೆ ಕೆಳಗಿಡದವಳು, ಲಿಂಗಪೂಜೆಯಾಗದೆ ತುತ್ತು ಮುಟ್ಟದವಳು, ಹೀಯಾಳಿಸಿದವರ ಮಕ್ಕಳಿಗೂ ಬೆಚ್ಚನೆಯ ಹೊದಿಕೆ ಹೊಲಿದುಕೊಟ್ಟವಳು, ಲೋಕವೆಲ್ಲ ಗಂಡೆಂದು ಕರೆದರೂ ತನ್ನೊಳಗಿನ ಹೆಣ್ಣನ್ನು ಶಿವನಿತ್ತ ಕಾಣಿಕೆಯೆಂದೇ ಕಾಪಾಡಿಕೊಂಡವಳು, ಉದಗೀರದ ಬಸವೇಶ್ವರಿ.

ಯೆಣೆಗೂರಿನ ಅಯ್ಯನವರಾದ ಗುರುಲಿಂಗಯ್ಯನವರ ಹಿರಿಯ ಮಗುವಿಗೆ ಮನೆಯವರಿಟ್ಟ ಹೆಸರು ಬಸವಕುಮಾರ. ಸೀರೆಯುಟ್ಟ ದಿನ ಆ ಹೆಸರನ್ನು ತಾನೇ ಬಿಟ್ಟಳು. ಮನೆ ಬಿಡಿಸಿದವರು ತಂದೆ. ಉದಗೀರದಲ್ಲಿ ಬಾಡಿಗೆಯ ಕೋಣೆ ಹಿಡಿದು ಕೌದಿ ಹೊಲಿಯತೊಡಗಿದಳು. ಹಳೆಯ ಸೀರೆಗಳ ತುಂಡುಗಳಲ್ಲಿ ತನ್ನ ಬಾಳನ್ನೇ ಚಿತ್ರವಾಗಿ ಜೋಡಿಸುವಳು. ಜನ ನೋಡಬಂದರೆ ಆ ಕೌದಿಯನ್ನೇ ಹೊದ್ದು, ಅದರ ಕತೆಯನ್ನು ಹಾಡಿ ಕುಣಿದು ತೋರಿಸುವಳು. ಪ್ರತಿ ಕೌದಿಯ ನಡುವೆಯೂ ಕಡುಗಪ್ಪು ಬಟ್ಟೆಯ ಹೆಣ್ಣೊಬ್ಬಳು ನಿಂತಿರುತ್ತಾಳೆ. ಎಳವೆಯಲ್ಲಿ "ಇದ್ದಲಿ" ಎಂದು ಕೂಗಿಸಿಕೊಂಡ ಮೈಬಣ್ಣ ಅದು.

ತಮ್ಮ ಸೋಮೇಶ್ವರನಿಗೆ ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಉಸುರುವ ಹಕ್ಕು ಸೋದರತ್ತೆಯದು. ಸೋಮೇಶ್ವರನಿಗೆ ಬೇರೆ ಒಡಹುಟ್ಟಿದವರಿಲ್ಲ. ಆದರೂ ಬಸವೇಶ್ವರಿಗೆ ಕರೆ ಬರಲಿಲ್ಲ. ಆಕೆ ಕಾಯಲೂ ಇಲ್ಲ. ಕೌದಿಯೊಂದನ್ನು ಹೊಲಿದು, ನಿಲಂಗಾ, ಉಮರ್ಗಾಗಳಲ್ಲಿ ಬಸ್ಸು ಬದಲಿಸಿ, ತವರಿನ ಅಂಗಳಕ್ಕೆ ಬಂದು ನಿಂತಳು.

ಅಂಗಳದ ತುಂಬ ಹೆಂಗಸರು. ವಲಾಂಡಿಯಿಂದ ಕರೆಸಿದ ದೂರದ ನೆಂಟಳು ಕಾಂತಾಬಾಯಿ ಅತ್ತೆಯ ಜಾಗದಲ್ಲಿ ಕುಳಿತಿದ್ದಳು.

"ಕೌದಿ ಕೊಡು, ಊಟಾ ಮಾಡಿ ಹೋಗು," ಎಂದರು ಗುರುಲಿಂಗಯ್ಯ, ಮುಖ ನೋಡದೆ. "ಹೆಸರ ಕಾಂತಾಬಾಯಿ ಇಡ್ತಾಳ. ನಾ ನಾಲ್ಕ ಮನಿ ಪೂಜಾಕ್ಕ ಹೋಗಾಂವಾ."

"ಕೌದಿ ಬೇಕು, ಹೊಲ್ದಾಕಿ ಬ್ಯಾಡೇನಪ್ಪಾ? ಹಂಗಾದ್ರ ಕೌದೀನೂ ಇಲ್ಲ."

"ಅಗ್ಗ ಬಾಯಿ! ಕೂಸಿನ ಹಾಸಿಗಿಗಿ ಕರಿ ಅರಿವಿ!" ಕಾಂತಾಬಾಯಿ ಮೂಗು ಮುರಿದಳು.

"ಅರಿವಿ ಅಲ್ರೀ, ಅದು ನಾ. ಅತ್ತಿ ಹೆಂಗದಾಳಂತ ಕೂಸಿಗಿ ಗೊತ್ತಾಗ್ಲಿ."

ಬಸವೇಶ್ವರಿ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ತೊಟ್ಟಿಲ ಬುಡದಲ್ಲೇ ಕುಳಿತುಬಿಟ್ಟಳು. ಕಾಂತಾಬಾಯಿ ಕೂಸಿಗೆ ಕೈ ಚಾಚಿದಳು. ಬಾಣಂತಿ ಉಜ್ವಲಾ ಕೊಡಲಿಲ್ಲ.

"ಮಾವಾರ, ಹಡದಾಕಿ ನಾ. ನನ್ನ ಮಗಳಿಗಿ ಅತ್ತಿ ಇದ್ದೂ ಇಲ್ದಂಗ ಮಾಡಬ್ಯಾಡ್ರಿ. ವನ್ಸ, ತಗೋರಿ."

ಗಂಡನ ಅಕ್ಕನನ್ನು ಆ ಸೀಮೆಯಲ್ಲಿ ಕರೆಯುವುದು 'ವನ್ಸ' ಎಂದೇ. ಆ ಕರೆ ಬಸವೇಶ್ವರಿಯ ಕಿವಿಗೆ ಬಿದ್ದುದು ಅದೇ ಮೊದಲು. ಗುರುಲಿಂಗಯ್ಯ ಸೊಸೆಯ ಮುಖ ಕಂಡು ಪಕ್ಕಕ್ಕೆ ಸರಿದರು.

ಬಸವೇಶ್ವರಿ ಕೌದಿಯನ್ನು ತೊಟ್ಟಿಲಲ್ಲಿ ಹಾಸಿ ಕೂಸನ್ನು ಮಲಗಿಸಿದಳು. ಬಾಗಿ, "ಮಹಾನಂದಾ" ಎಂದು ಕಿವಿಯಲ್ಲಿ ಉಸುರಿದಳು.

ಹೆಸರಿಟ್ಟೊಡನೆ ಹೆಂಗಸರೆಲ್ಲ ಅತ್ತೆಯ ಬೆನ್ನಿಗೆ ಗುದ್ದಿ ನಗುವುದು ವಾಡಿಕೆ. ಒಂದು ಕೈಯೂ ಏಳಲಿಲ್ಲ. ಬಸವೇಶ್ವರಿಯೂ ಏಳಲಿಲ್ಲ.

"ಗುದ್ದ ಬೀಳೂತನಕ ಏಳಾಕಿ ಅಲ್ಲ ನಾ. ಇಲ್ಲೇ ಮುದುಕಿ ಆಗ್ತೀನಿ ನೋಡ್ರಿ!"

ನೆರೆಯ ಮುದುಕಿ ಮುಕ್ತಾಬಾಯಿಗೆ ನಗು ತಡೆಯಲಾಗಲಿಲ್ಲ. "ಎಷ್ಟ ಹಟಮಾರಿ ಅದಿ ಗ! ತಗೋ!" ಎಂದು ಒಂದು ಬಿಗಿದಳು. ಹಿಂದೆಯೇ ಇನ್ನೊಬ್ಬಳು, ಮತ್ತೊಬ್ಬಳು. ಎಲ್ಲಕ್ಕೂ ಬಲವಾಗಿ ಬಿದ್ದುದು ಕಾಂತಾಬಾಯಿಯದೇ.

"ಯವ್ವಾ, ಸಾಕ್ರೆ!" ಎಂದಳು ಬಸವೇಶ್ವರಿ; ಬೆನ್ನನ್ನು ಮಾತ್ರ ಸರಿಸಲಿಲ್ಲ.

ಆಕೆಯ ಕಣ್ಣ ಬೆಳಕು ಮಾಸದಿರಲಿ, ಕೈಯ ಕಸುವು ಕುಂದದಿರಲಿ. ಗುರುಲಿಂಗಯ್ಯನವರ ಪೂಜೆಯಲ್ಲಿ ಹಿರಿಮಗಳು ಏರಿಸಿದ ಬಿಲ್ವಪತ್ರೆಯೂ ಇರಲಿ. ಮಹಾನಂದೆಯನ್ನೂ ಹಡೆದವಳನ್ನೂ ಆ ಮನೆಯ ಎಲ್ಲರನ್ನೂ ಶಿವನು ತಂಪಾಗಿಟ್ಟಿರಲಿ.