ಎಡಗೈಗೆ ಲೇಪ, ಬಲಗೈಗೆ ಬಿಸಿಲು

ಅತ್ತಿಗೆ, ನಿಮ್ಮ ಬಲಗೈಯನ್ನು ಸುಟ್ಟವನು ನಾನು. ಸುಡಲಿ ಎಂದೇ ಸುಟ್ಟೆ. ಎಷ್ಟು ಸುಡುತ್ತದೆ, ನೋಡೋಣ ಎಂದು ಸುಟ್ಟೆ.

ಈ ಮೂರು ಸಾಲು ಬರೆಯಲು ಅರ್ಧ ಆಯಸ್ಸು ಹಿಡಿಯಿತು. ಬೇರೆ ಯಾವ ಸುದ್ದಿ ಬೇಕಾದರೂ ಕೇಳಿ — ಜಗಲಿಯ ಮೇಲೆ ಕೂತು ಹೊತ್ತು ಮುಳುಗುವ ತನಕ ಹೇಳುತ್ತೇನೆ. ಮಾತು ನನಗೆ ನಮ್ಮಜ್ಜಿಯಿಂದ, ಕಣದಲ್ಲಿ ಕೂರುತ್ತಿದ್ದ ಮುದುಕರಿಂದ ಬಂದ ಆಸ್ತಿ. ನಗಿಸುವುದು ನನಗೆ ಸಲೀಸು. ಆದರೆ ಇದನ್ನು ಹೇಳಲು ಹೊರಟಾಗಲೆಲ್ಲ ನಾಲಿಗೆ ಬೇರೆ ಕಥೆಯ ಕಡೆಗೆ ಹೊರಳಿಬಿಡುತ್ತಿತ್ತು.

ಯಳಂದೂರಿನಿಂದ ನಮ್ಮಣ್ಣನ ಹೆಂಡತಿಯಾಗಿ ನೀವು ಧನಗೆರೆಗೆ ಬಂದಾಗ ನಿಮ್ಮ ಕೈಗಳು ಎಲ್ಲರ ಕೈಗಳ ಹಾಗೇ ಇದ್ದವು. ಆಮೇಲೆ ಎರಡೂ ಮುಂಗೈಗಳ ಮೇಲೆ ತೊನ್ನು ಕಾಣಿಸಿತು — ಅಳತೆ ಹಿಡಿದು ಇಟ್ಟ ಹಾಗೆ, ಈ ಕೈಗೆ ಅಷ್ಟು, ಆ ಕೈಗೆ ಅಷ್ಟು. "ಸುಣ್ಣದ ಗಡ್ಗೆಗೆ ಕೈ ಆಕ್ಬುಟ್ಟು ಬಂದವ್ಳೆ ಕಣ್ರವ್ವ ನನ್ ಸೊಸೆ" ಎಂದು ಅವ್ವ ಬೀದಿಯ ಹೆಂಗಸರ ಮುಂದೆ ಅನ್ನುತ್ತಿದ್ದಳು. ಅವರು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು.

ಆದರೂ ನಿಮ್ಮನ್ನು ಮನೆಯಲ್ಲಿ ಉಳಿಸಿಕೊಂಡದ್ದು ರೇಷ್ಮೆ ಹುಳುಗಳು. ಮಕ್ಕಳಾಗಿರಲಿಲ್ಲ, ಮೇಲೆ ತೊನ್ನು — ಅಣ್ಣನಿಗೆ ಇನ್ನೊಂದು ಹೆಣ್ಣು ತರುವ ಮಾತು ಮನೆಯಲ್ಲಿ ಹೊಗೆಯಾಡುತ್ತಲೇ ಇತ್ತು. ಆದರೆ ಸೊಪ್ಪು ಹೆಚ್ಚುವುದಕ್ಕೆ, ತಟ್ಟೆ ಬದಲಾಯಿಸುವುದಕ್ಕೆ, ಹಣ್ಣಾದ ಹುಳುವನ್ನು ನೋಡಿದೊಡನೆ ಗುರುತಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವುದಕ್ಕೆ ನಿಮ್ಮಂಥ ಕೈ ಊರಲ್ಲಿ ಇರಲಿಲ್ಲ. ಹುಳದ ಮನೆಯ ಬಾಗಿಲು ತೆರೆದಿರುವ ತನಕ ಈ ಮನೆಯ ಬಾಗಿಲು ತೆರೆದಿರುತ್ತದೆ ಎಂದು ನಿಮಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಕೇಳಿ.

ನಾನು ಆಗ ಕೊಳ್ಳೇಗಾಲದಲ್ಲಿ ಒಬ್ಬ ಪಂಡಿತರ ಅಂಗಡಿಯಲ್ಲಿ ಔಷಧಿ ಅರೆಯುತ್ತಿದ್ದೆ. ಅರೆದು ಅರೆದು ನನ್ನದೇ ಒಂದು ಲೇಪ ಕಟ್ಟಿದ್ದೆ — ಸತುವಿನ ಭಸ್ಮ, ಕಾವಿಮಣ್ಣು, ಹರಳೆಣ್ಣೆ. ಹಚ್ಚಿಕೊಂಡರೆ ಎಂಥ ಬಿಸಿಲೂ ಚರ್ಮಕ್ಕೆ ತಟ್ಟದು ಎಂದು ನನ್ನ ನಂಬಿಕೆ. ಗೂಡು ಒಣಗಿಸುವಾಗ ಅದನ್ನು ಮೊದಲು ಪರೀಕ್ಷಿಸಿ ನೋಡಿದೆ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕಚ್ಚಿ ಹೊರಬರುವ ಮೊದಲೇ ಸಾಯಲಿ ಎಂದು ನಾವು ನಡುಬಿಸಿಲಲ್ಲಿ ಗೂಡು ಹರಡುತ್ತಿದ್ದೆವಲ್ಲ, ಅದರಲ್ಲಿ ಒಂದು ಹಿಡಿ ಗೂಡಿಗೆ ಲೇಪ ಬಳಿದಿಟ್ಟೆ. ಬಳಿಯದವೆಲ್ಲ ಸತ್ತವು. ಬಳಿದವುಗಳಿಂದ ಚಿಟ್ಟೆ ಬಂತು! ನಾನು ಕುಣಿದೆ.

ಆಗ ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಸತ್ಯಮಂಗಲದ ಕಡೆಯ ತಮಿಳು ವ್ಯಾಪಾರಿಗಳು ಬಂದು ಹೋಗುತ್ತಿದ್ದರು. ಅವರಲ್ಲೊಬ್ಬನಿಗೆ ಹೇಳಿದೆ. ದೊಡ್ಡ ಮನೆಯ ಹೆಂಗಸರಿಗೆ, ಮದುವೆ ಹೆಣ್ಣುಗಳಿಗೆ ಇದನ್ನು ಮಾರಬಹುದು ಎಂದೆ. ಅವನು ಎಲೆ ಅಡಿಕೆ ಉಗಿದು ನಕ್ಕ.

"ಉಳ ಬದುಕ್ತು, ಸರಿ ತಂಬಿ. ನಾನೇನ್ ಉಳಕ್ಕೆ ಮಾರ್ತೀನಾ? ಮನುಷರ ತೋಲ್ ಮೇಲೆ ತೋರ್ಸು. ಬಳ್ದಿದ್ದು ಒಂದು, ಬಳೀದೆ ಇದ್ದದ್ದು ಒಂದು. ಪಕ್ಕ ಪಕ್ಕ."

ನನಗೆ ತಕ್ಷಣ ನಿಮ್ಮ ಕೈಗಳು ನೆನಪಾದವು. ತೊನ್ನಿನ ಚರ್ಮ ಬಿಸಿಲಿಗೆ ಬೇಗ ಬೇಯುತ್ತದೆ. ಎರಡು ಕೈ, ಸರಿಸಮ ಮಚ್ಚೆ. ದೇವರೇ ನನ್ನ ಕೆಲಸಕ್ಕೆಂದು ಮಾಡಿಟ್ಟ ಹಾಗೆ... ಹಾಗೆ ಅಂದುಕೊಂಡೆ, ಅತ್ತಿಗೆ. ಮುಚ್ಚಿಡುವುದಿಲ್ಲ.

ಬರಿಯ ಬಿಸಿಲಿಗೆ ತಡವಾದೀತು ಎಂದು ಬಾವಂಚಿ ಎಣ್ಣೆಯನ್ನೂ ಅಂಗಡಿಯಿಂದ ಕದ್ದು ತಂದೆ. ಪಂಡಿತರು ಅದನ್ನು ತೊನ್ನಿಗೇ ಕೊಡುತ್ತಿದ್ದರು — ಒಂದು ತೊಟ್ಟು, ಎಳೆಬಿಸಿಲು, ಸ್ವಲ್ಪ ಹೊತ್ತು. ಅದು ಬಿಸಿಲನ್ನು ಕರೆದು ಚರ್ಮದೊಳಗೆ ಕೂರಿಸುವ ಎಣ್ಣೆ. ನಡುಬಿಸಿಲಿಗೆ ಹಿಡಿದರೆ ಬೊಬ್ಬೆ ಏಳುತ್ತದೆ ಎಂದು ಅವರು ಬಂದವರಿಗೆಲ್ಲ ಎಚ್ಚರಿಸುವುದನ್ನು ದಿನವೂ ಕೇಳುತ್ತಿದ್ದವನು ನಾನು. ತೊನ್ನು ವಾಸಿಯಾಗುತ್ತದೆ ಎಂದು ನಂಬಿಸಿ ನಿಮಗೆ ಹೇಳಿದ್ದು: "ನೆತ್ತಿ ಮೇಲ್ ಬಿಸ್ಲಲ್ಲೇ ಕೂತ್ಕಬೇಕು ಅತ್ಗೆ. ಎರಡೂ ಕೈಗೆ ಎಣ್ಣೆ ಅಚ್ಚಿ. ಎಡಗೈಗೆ ಮಾತ್ರ ಮೇಲೆ ಈ ಲೇಪ."

"ಬಲಗೈಗ್ ಬ್ಯಾಡ್ವಾ ಮಾದೇವ?"

"ಬ್ಯಾಡಿ. ಆ ಕೈದು ಬ್ಯಾರೆ ಥರದ್ದು."

ನಾಟಿ ಔಷಧಿಯ ಹೆಸರು ಬಾಯಿಬಿಟ್ಟರೆ ಅದು ಹಿಡಿಯುವುದಿಲ್ಲ ಎಂಬ ನಮ್ಮ ಕಡೆಯ ನಂಬಿಕೆ ನಿಮಗೆ ಗೊತ್ತೇ ಇತ್ತು. ಯಾರಿಗೂ ಹೇಳಬೇಡಿ ಎಂದೆ. ಹೇಳಲಿಲ್ಲ. ಹಿತ್ತಲಲ್ಲಿ ಗೂಡು ಕಾಯುವ ನೆಪದಲ್ಲಿ, ಯಾರಿಗೋ ಬೇಡುವವರ ಹಾಗೆ, ಎರಡೂ ಕೈ ಚಾಚಿ ಕೂತಿರಿ.

ಮಾರನೆಯ ದಿನ "ಬಲಗೈ ವಸಿ ಉರೀತದೆ ಕಣಪ್ಪ" ಅಂದಿರಿ. ಕೆಂಪಗಾಗಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. "ಉರೀಲೇಬೇಕು. ಔಸ್ದಿ ಕೆಲ್ಸ ಮಾಡ್ತಾದೆ ಅಂತ. ಇನ್ನೊಂದ್ ಕಿತ ಅಚ್ಚಿ" ಅಂದೆ. ನೀವು ನಕ್ಕು — ಹೌದು, ನಕ್ಕು — ಹಚ್ಚಿಕೊಂಡಿರಿ. ಮುಂಗೈ ತುಂಬ ಬೊಬ್ಬೆ ಎದ್ದಿತು.

ಅದು ಒಡೆಯುವ ಮೊದಲೇ ವ್ಯಾಪಾರಿಯನ್ನು ಮನೆಗೆ ಕರೆತಂದೆ. ಜಗಲಿಯ ಮೇಲೆ ಕೂರಿಸಿ "ಅತ್ಗೆ, ಮಜ್ಗೆ ತಕಬನ್ನಿ" ಎಂದು ಕೂಗಿದೆ. ನೀವು ಎರಡೂ ಕೈಯಲ್ಲಿ ಚೊಂಬು ಹಿಡಿದು ಬಂದಿರಿ. ಅವನು ಚೊಂಬು ತೆಗೆದುಕೊಳ್ಳಲಿಲ್ಲ. ಎಡಗೈ ನೋಡಿದ, ಬಲಗೈ ನೋಡಿದ, ಮತ್ತೆ ಎಡಗೈ. ನೀವು ಅವನನ್ನು ವೈದ್ಯನೆಂದು ತಿಳಿದಿರಿ ಕಾಣುತ್ತದೆ. ಸರಿಯಾಗಿ ಕಾಣಲಿ ಎಂದು ಬಲಗೈಯನ್ನು ಬೆಳಕಿಗೆ ತಿರುಗಿಸಿ ಹಿಡಿದಿರಿ.

"ವಾಸಿಯಾಯ್ತದಾ ಸಾ?" ಅಂದಿರಿ.

"ರೊಂಬ ಚೆನ್ನಾಗದೆ" ಎಂದು ಅವನು ನನ್ನ ಕಡೆ ತಿರುಗಿ ಹೇಳಿದ. ನೀವು ಅವನಿಗೆ ಕೈಮುಗಿದು ಒಳಗೆ ಹೋದಿರಿ.

ಅದಾದ ಮೇಲೆ ಬೊಬ್ಬೆಗಳು ಒಡೆದು ಕೀವಾದವು. ಅವ್ವ ನಿಮ್ಮನ್ನು ಹುಳದ ಮನೆಯಿಂದ ಹೊರಗೆ ನಿಲ್ಲಿಸಿದಳು. ಅಷ್ಟರಲ್ಲಿ ಹುಳುಗಳಿಗೆ ಸುಣ್ಣಕಟ್ಟು ಬಿತ್ತು — ಇಡೀ ತಟ್ಟೆಗಳಲ್ಲಿ ಹುಳುಗಳು ಸೀಮೆಸುಣ್ಣದ ಕಡ್ಡಿಗಳ ಹಾಗೆ ಬೆಳ್ಳಗೆ, ಸೆಟೆದು. ಅದು ಎಲ್ಲರ ಮನೆಗೂ ಆಗಾಗ ಬರುವ ರೋಗ. ಆದರೆ ಅವ್ವ ಹುಳು ನೋಡಿದಳು, ನಿಮ್ಮ ಕೈ ನೋಡಿದಳು. ಬಿಳುಪಿಗೆ ಬಿಳುಪು ಕೂಡಿಸಿಬಿಟ್ಟಳು.

"ಇವ್ಳ್ ಕೈ ಬಿಳ್ಪೇ ನನ್ ಉಳಕ್ಕೆ ಅತ್ಕಂಡದೆ. ಈಗ ಕೊಳೀತಾನೂ ಅದೆ. ಇದು ತೊನ್ನಲ್ಲ ಕಣ್ಲಾ, ದೊಡ್ ರೋಗ! ನಾಳೀಕ್ ಬೆರಳ್ ಉದುರ್ತವೆ, ಅನ್ನದಲ್ ಉಡುಕ್ಕಂಡ್ ತಿನ್ನಿ."

ಆಗ ನೀವು ಮೊದಲ ಸಲ ಬಾಯಿಬಿಟ್ಟಿರಿ. "ರೋಗಲ್ಲ ಅತ್ತೆ. ಮಾದೇವ ಕೊಟ್ಟ ಔಸ್ದಿ. ಅದ್ರಿಂದ್ಲೇ ಇಂಗಾಗಿರೋದು."

ಅಣ್ಣ ನನ್ನ ಮುಖ ನೋಡಿದ. ಅವನಿಗೆ ನಂಬುವ ಆಸೆಯಿತ್ತು. ಅದು ಅವನ ಕಣ್ಣಲ್ಲಿ ಕಾಣುತ್ತಿತ್ತು. "ಕೊಟ್ಟಿದ್ಯೇನ್ಲಾ?"

ಹೌದು ಅಂದರೆ ಪಂಡಿತರ ಅಂಗಡಿಯಿಂದ ಕದ್ದ ಎಣ್ಣೆಯ ಮಾತು ಬರುತ್ತಿತ್ತು. ಬೊಬ್ಬೆ ಬರಿಯ ಬಿಸಿಲಿನದಲ್ಲ ಎಂಬುದು ವ್ಯಾಪಾರಿಯ ಕಿವಿಗೂ ಬೀಳುತ್ತಿತ್ತು. "ನಾನ್ಯಾಕೆ ಕೊಡ್ಲಿ?" ಅಂದೆ. ಅಷ್ಟಕ್ಕೇ ನಿಲ್ಲಿಸದೆ, ಎಲ್ಲರನ್ನೂ ನಗಿಸುವ ನನ್ನ ದನಿಯಲ್ಲೇ ಸೇರಿಸಿದೆ — "ಮುಟ್ಟಕ್ಕೇ ಎದ್ರಿಕೆ ಆಗೋ ಕೈಗೆ ಔಸ್ದಿ ಬ್ಯಾರೆ ಕೊಡ್ತೀನಾ?"

ಅವ್ವ ನಕ್ಕಳು. ಅಣ್ಣ ತಲೆ ತಗ್ಗಿಸಿದ. ನೀವು ನನ್ನನ್ನು ನೋಡುತ್ತ ನಿಂತಿರಿ. ಬೈಯಬೇಕಿತ್ತು, ಅತ್ತಿಗೆ.

ಗಾಡಿ ಕಟ್ಟಿ ನಿಮ್ಮನ್ನು ಯಳಂದೂರಿಗೆ ಕಳಿಸಿದರು. ನೀವು ಮುಟ್ಟಿದ್ದ ಚಾಪೆ ಸುಟ್ಟರು. ಅಣ್ಣನಿಗೆ ಅಜ್ಜೀಪುರದಿಂದ ಹೆಣ್ಣು ತಂದರು. ಮದುವೆಯಲ್ಲಿ ನಾನು ಬಡಿಸಿದೆ. ನಿಮ್ಮ ಕೈ ಒಣಗಿತಂತೆ, ಬೆರಳೊಂದೂ ಉದುರಲಿಲ್ಲವಂತೆ ಎಂದು ಯಾರೋ ಹೇಳಿದರು. ಅಷ್ಟು ಹೊತ್ತಿಗೆ ಹೊಸ ಸೊಸೆಗೆ ಗಂಡು ಮಗುವಾಗಿತ್ತು. ಲೇಪ ಚೆನ್ನಾಗಿಯೇ ಮಾರಿತು. ಎಷ್ಟೋ ಮದುವೆ ಹೆಣ್ಣುಗಳ ಮುಖ ಅದರಿಂದ ತಣ್ಣಗಿತ್ತು.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಕಿರಣವೊಂದಿದೆ, ನೇರಳಾತೀತ ಅನ್ನುತ್ತಾರೆ, ಚರ್ಮದ ಜೀವಕೋಶಗಳನ್ನು ಕೊಲ್ಲುವುದು ಅದೇ, ಬಾವಂಚಿ ಅದರ ಹಲ್ಲನ್ನು ಮಸೆಯುತ್ತದೆ — ಇದನ್ನೆಲ್ಲ ಬಹಳ ವರ್ಷದ ಮೇಲೆ ಒಬ್ಬ ಡಾಕ್ಟರು ಬಿಡಿಸಿ ಹೇಳಿದರು. ಕಿರಣದ ಹೆಸರು ಆಗ ಗೊತ್ತಿರಲಿಲ್ಲ, ನಿಜ. ಬೊಬ್ಬೆ ಏಳುತ್ತದೆ ಎಂಬುದು ಗೊತ್ತಿತ್ತು.

ಅವ್ವ ತೀರಿಕೊಂಡ ಮೇಲೆ ಒಮ್ಮೆ ಯಳಂದೂರಿಗೆ ಬಂದಿದ್ದೆನಲ್ಲ. ಹೇಳಿಬಿಡಬೇಕು ಎಂದೇ ಬಂದಿದ್ದೆ. ನಿಮ್ಮ ತಮ್ಮನ ಮನೆಯ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ನಿಮ್ಮ ತಟ್ಟೆ ಲೋಟ ಬೇರೆಯೇ ಇದ್ದವು. ದೊಡ್ಡ ರೋಗದ ಮಾತು ಗಾಡಿಯ ಹಿಂದೆಯೇ ಅಲ್ಲಿಗೂ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ನೀವು ಕೇಳಿದಿರಿ:

"ಮಾದೇವ, ಒಂದ್ ಮಾತ್ ಕೇಳ್ಬೇಕು ಅಂತಿದ್ದೆ. ಲೇಪ ಬಳೀ ಅಂತ ನೀನ್ ಏಳಿದ್ದು ಬಲಗೈಗಾ? ನಾನೇ ಅದ್ಲು ಬದ್ಲು ಮಾಡ್ಕಂಡ್ನಾ?"

ನನ್ನನ್ನು ಉಳಿಸಲು ನೀವು ಇಷ್ಟು ವರ್ಷ ನಿಮ್ಮಲ್ಲೇ ತಪ್ಪು ಹುಡುಕಿದ್ದಿರಿ. ಮತ್ತೆ ನಾನು — "ಊಂ ಅತ್ಗೆ. ಅದ್ಲು ಬದ್ಲಾಗೋಯ್ತು" ಅಂದೆ.

"ನೋಡ್ದಾ! ಅಂಗೇ ಅನ್ಕಂಡಿದ್ದೆ" ಎಂದು ನಿಟ್ಟುಸಿರು ಬಿಟ್ಟು, ನನಗೆ ಊಟ ಮಾಡಿಕೊಂಡು ಹೋಗು ಅಂದಿರಿ. ಉಂಡೆ.

ನಿಮಗೆ ಓದು ಬಾರದು. ಇದನ್ನು ಬೇರೆಯವರ ಕೈಲಿ ಕೊಟ್ಟು ಕಳಿಸುವುದಿಲ್ಲ. ನಾನೇ ಬರುತ್ತೇನೆ, ನಿಮ್ಮ ತಮ್ಮ, ಅವನ ಹೆಂಡತಿ ಮಕ್ಕಳು, ಬೀದಿಯವರು ಕೂತಿರುವಾಗ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಧನಗೆರೆಯಲ್ಲಿ ಅಣ್ಣನ ಮುಂದೆ. ನೀವು ಏನು ಅಂದರೂ, ಏನೂ ಅನ್ನದಿದ್ದರೂ.

ನೀವು ಅದಲು ಬದಲು ಮಾಡಿಕೊಳ್ಳಲಿಲ್ಲ, ಅತ್ತಿಗೆ. ಯಾವ ಕೈಗೆ ಯಾವುದು ಎಂದು ನಾನು ಹೇಳಿದ್ದೆನೋ, ಹಾಗೇ ಹಚ್ಚಿಕೊಂಡಿರಿ.