ಕಡಲೆಕಾಯಿ ಕೋಣೆಯಲ್ಲಿ ಜಪಾನ್ ವೀಣೆ

ಮೊನ್ನೆ ಸೊಸೆ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಲ್ಯಾಣದುರ್ಗದ ನನ್ನ ಮಾವನವರು ಕಣ್ಣ ಮುಂದೆ ಬಂದು ಕೂತರು. ಹೊಲಿಗೆಗೂ ಅವರಿಗೂ ಸಂಬಂಧವಿಲ್ಲ; ಅವರು ಎಣ್ಣೆ ಬಿಡುತ್ತಿದ್ದದ್ದು ಗ್ರಾಮಫೋನಿಗೆ. ನನ್ನ ಮಾತೇ ಹೀಗೆ, ಎಲ್ಲಿಂದಲೋ ಹೊರಟು ಎಲ್ಲಿಗೋ ಸೇರುತ್ತದೆ. ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ನಾನು ಹಿಂದೂಪುರದ ಬೆಲ್ಲದ ಮಂಡಿಯವರ ಮಗಳು. ಮದುವೆಗೆ ಮುಂಚೆ ನಮ್ಮ ಸೋದರಮಾವ ಬೊಂಬಾಯಿಯಿಂದ ನನಗೊಂದು ಬುಲ್‌ಬುಲ್ ತರಂಗ ತಂದುಕೊಟ್ಟಿದ್ದರು. ಮೊಳಕ್ಕಿಂತ ತುಸು ಉದ್ದದ ಪೆಟ್ಟಿಗೆ, ಅದರ ಮೇಲೆ ತಂತಿ, ತಂತಿಯ ಮೇಲೆ ಟೈಪ್ ಮಿಷನ್ನಿನಂಥ ಗುಂಡಿಗಳು. ಎಡಗೈಯಲ್ಲಿ ಗುಂಡಿ ಒತ್ತಬೇಕು, ಬಲಗೈಯಲ್ಲಿ ಮೀಟಬೇಕು.

"ಜಪಾನಿನೋರು ಅವರ ವೀಣೆಗೆ ಬಿಳಿಯೋರ ಮಿಷನ್ ಗುಂಡಿ ಹಾಕವ್ರೆ ಕಣಮ್ಮ. ನಮ್ಮೋರಾಗಿದ್ರೆ ಮೊದ್ಲು ಪಂಚಾಯ್ತಿ ಸೇರಿಸ್ತಿದ್ರು," ಎಂದು ಸೋದರಮಾವ ನಕ್ಕಿದ್ದರು.

ನನ್ನ ಕಂಠ ಎಂಥದೆಂದರೆ, ನಾನು ಲಾಲಿ ಹಾಡಿದರೆ ಮಲಗಿದ್ದ ಕೂಸೂ ಎದ್ದು ಅಳುತ್ತಿತ್ತು. ಹಾಗಾಗಿ ನನ್ನ ಸಂತೋಷವೆಲ್ಲ ಆ ಪೆಟ್ಟಿಗೆಯಲ್ಲೇ ಇತ್ತು. ಮದುವೆಯಾಗಿ ಹೊರಟಾಗ ಅದನ್ನು ಸೀರೆಗಳ ಕೆಳಗಿಟ್ಟುಕೊಂಡು ಬಂದೆ. ಬಂದ ದಿನವೇ ಅತ್ತೆಯ ಕಣ್ಣಿಗೆ ಬಿತ್ತು.

"ನಿಮ್ಮ ಮಾವ ಕಂಡ್ರೆ ನಾಳೆ ಬಸ್ಸಿಗೇ ಹಿಂದೂಪುರಕ್ಕೆ ವಾಪಸ್ ಕಳಿಸ್ಬುಡ್ತಾರೆ. ಈ ಮನೇಲಿ ಹೆಂಗಸ್ರು ವಾದ್ಯ ಮುಟ್ಟಂಗಿಲ್ಲ."

"ನನ್ನನ್ನಾ?"

"ನಿನ್ನನ್ನಲ್ಲ ಕಣೆ, ಪೆಟ್ಟಿಗೇನ!"

ಹಾಗೆಂದು ತಾವೇ ಅದನ್ನು ಕಡಲೆಕಾಯಿ ಮೂಟೆಗಳ ಹಿಂದೆ ಬಚ್ಚಿಟ್ಟರು. ಅಂಥ ಅತ್ತೆ. ಮಾವನವರು ಅಂಗಡಿಗೆ ಹೋದ ಮೇಲೆ ಆ ಕೋಣೆ ನನ್ನದು.

ಇನ್ನು ಮಾವನವರ ಸಂಗೀತ. ಬಳ್ಳಾರಿಯಲ್ಲಿ ಒಬ್ಬ ಬಿಳಿ ದೊರೆ ಊರು ಬಿಡುವಾಗ ಹರಾಜಿಗಿಟ್ಟ ಗ್ರಾಮಫೋನನ್ನು ಅವರು ಕೊಂಡು ತಂದಿದ್ದರು. ಜೊತೆಗೆ ಬಂದದ್ದು ಒಂದೇ ಪ್ಲೇಟು, ಯೂರೋಪಿನ ಪಿಟೀಲು. ಇನ್ನೊಂದು ತನ್ನಿ ಎಂದರೆ, "ಇದೇ ಇನ್ನೂ ಸವೆದಿಲ್ವಲ್ಲ," ಎನ್ನುವರು. ಅಂಗಡಿ ಮುಚ್ಚಿ ಬಂದು ದಿನವೂ ಅದನ್ನೇ ಕಣ್ಣು ಮುಚ್ಚಿ ಕೇಳುವರು. ಪ್ಲೇಟಿನ ನಡುವೆ ಒಂದು ಗೀರಿತ್ತು. ಅಲ್ಲಿಗೆ ಬಂದರೆ ಪಿಟೀಲು ತಗಲಿಕೊಂಡು ಒಂದೇ ತುಣುಕನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಿತ್ತು. ಮಾವನವರು ಬೆರಳಿನಿಂದ ಟಕ್ಕೆಂದು ಮೊಟಕಿದ ಮೇಲೆ ಮುಂದಕ್ಕೆ ಸಾಗುತ್ತಿತ್ತು.

ಈ ಗೀರಿನ ವಿಷಯ ನನಗೆ ತಿಳಿದದ್ದು ಆಮೇಲೆ. ಆಗ ಅಡುಗೆಮನೆಯಿಂದ ಕೇಳುತ್ತಿದ್ದ ನಾನು, ಯೂರೋಪಿನವರೂ ದುಃಖ ಜಾಸ್ತಿಯಾದರೆ ನಮ್ಮಜ್ಜಿಯ ಹಾಗೆ ಹೇಳಿದ್ದನ್ನೇ ಹೇಳುತ್ತಾರೆ ಎಂದುಕೊಂಡಿದ್ದೆ. ಆ ರಾಗದ ಮೇಲೆ ನನಗೆ ಪ್ರೀತಿ ಹುಟ್ಟಿತು. ಮೂಟೆಗಳ ಮಧ್ಯೆ ಕೂತು ಅದನ್ನು ನನ್ನ ಪೆಟ್ಟಿಗೆಗೆ ಇಳಿಸಿದೆ. ಪಿಟೀಲು ಒಂದು ಸ್ವರವನ್ನು ಎಷ್ಟು ಹೊತ್ತಾದರೂ ಎಳೆಯುತ್ತದೆ. ನನ್ನ ತಂತಿ ಮೀಟಿದ ಕೂಡಲೇ ಸಣ್ಣಗಾಗುತ್ತದೆ. ಹಾಗಾಗಿ ಬಿಡದೆ ಮೀಟುತ್ತಿದ್ದೆ. ಯೂರೋಪಿನ ದೊಡ್ಡ ಅಳು ಜಪಾನಿನ ತಂತಿಯ ಮೇಲೆ ಸೋನೆಮಳೆಯಾಗುತ್ತಿತ್ತು. ಎಂಥ ಖುಷಿ ಅಂತೀರಿ!

ಒಂದು ಸಲ ಗ್ರಾಮಫೋನಿನ ಸ್ಪ್ರಿಂಗು ತುಂಡಾಯಿತು. ಅದೇ ವಾರ ಮಾವನವರು ಕಂಬದೂರಿಗೆಂದು ಹೊರಟವರು, ಬಸ್ಸು ಬಾರದೆ ಹಿಂತಿರುಗಿ ಪಡಸಾಲೆಯಲ್ಲಿ ಒರಗಿದ್ದಾರೆ. ನನಗೆ ಗೊತ್ತಿಲ್ಲ, ಒಳಗೆ ನುಡಿಸುತ್ತಿದ್ದೇನೆ. ಗೀರಿನ ಜಾಗ ಬಂತು. ಮಂಪರಿನಲ್ಲಿದ್ದ ಅವರು ಅಭ್ಯಾಸಬಲದಿಂದ ಕೈಚಾಚಿ ಗ್ರಾಮಫೋನನ್ನು ಮೊಟಕಿದರಂತೆ, ಅತ್ತೆ ಹೇಳಿದ್ದು. ಸಂಗೀತ ಮುಂದೆ ಹೋಗಲಿಲ್ಲ. ಇನ್ನೊಮ್ಮೆ ಮೊಟಕಿದರಂತೆ. ಆಮೇಲೆ ಕಣ್ಣು ಬಿಟ್ಟರು.

"ಎವರ್ರಾ ಅದಿ?" ಯಾರದು ಎಂದು ಕೇಳುವುದಕ್ಕೂ ಗಾಬರಿಯಲ್ಲಿ ತೆಲುಗೇ ಬಂದಿತ್ತು.

ಬಾಗಿಲಲ್ಲಿ ಮಾವನವರು! ಪೆಟ್ಟಿಗೆ ಹಿಂದೂಪುರದ ಬಸ್ಸು ಹತ್ತಿತು ಎಂದುಕೊಂಡೆ. ಎದ್ದು ನಿಲ್ಲಬೇಕಿತ್ತು, ಭಯಕ್ಕೆ ಕೈ ಮಾತ್ರ ಅದೇ ತುಣುಕನ್ನು ನುಡಿಸುತ್ತಲೇ ಇತ್ತು. ಅವರು ನನ್ನನ್ನು ನೋಡಿದರು, ಗುಂಡಿಗಳನ್ನು ನೋಡಿದರು. ಬಗ್ಗಿ, ಬೆರಳಿನಿಂದ ಪೆಟ್ಟಿಗೆಗೆ ಟಕ್ಕೆಂದು ಮೊಟಕಿದರು.

ನನ್ನ ಬೆರಳು ಮುಂದಕ್ಕೆ ಹೋಯಿತು.

ಮೂಟೆಗೆ ಒರಗಿ ಕೊನೆಯವರೆಗೂ ಕೇಳಿದರು. ಆಮೇಲೆ ಅತ್ತೆಯನ್ನು ಕೂಗಿ, "ಗೀರನ್ನೂ ಕಲ್ತ್‌ಬುಟ್ಟವಳಲ್ಲೇ ಈ ಹುಡ್ಗಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕಡೆ ತಿರುಗಿ, "ಈ ಧೂಳಲ್ಲಿ ಯಾಕಮ್ಮ ಕೂತಿದೀಯ? ಪಡಸಾಲೆಗೆ ಬಾ," ಎಂದರು. ನಾನು ಅತ್ತುಬಿಟ್ಟೆ.

ಮೊನ್ನೆ ಇದೆಲ್ಲ ನೆನೆದು ನಗುತ್ತಿದ್ದಾಗ ಸೊಸೆ ಯಾಕೆಂದು ಕೇಳಿದಳು. ಹೇಳುವುದಕ್ಕಿಂತ ನುಡಿಸುವುದೇ ವಾಸಿ ಎಂದು, ಮುಟ್ಟದೆ ವರ್ಷಗಳಾಗಿದ್ದ ಪೆಟ್ಟಿಗೆಯನ್ನು ತೆಗೆದೆ. ತಂತಿಗೆ ತುಕ್ಕು, ಬೆರಳಿಗೂ ತುಕ್ಕು. ಎಲ್ಲೆಲ್ಲೋ ತಪ್ಪಿದರೂ ಗೀರಿನ ಜಾಗ ಮಾತ್ರ ತಪ್ಪಲಿಲ್ಲ. ಅದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತ ಕೂತೆ.

ಸೊಸೆ ಸ್ವಲ್ಪ ಹೊತ್ತು ನೋಡಿದಳು. "ಸಿಕ್ಕಾಕ್ಕೊಂಡ್ತಾ ಅತ್ತೆ?" ಎಂದು ಎಣ್ಣೆ ಮೆತ್ತಿದ ಬೆರಳಿನಿಂದ ಪೆಟ್ಟಿಗೆಗೆ ಒಂದೇಟು ಕೊಟ್ಟಳು.

ನಾನು ಮುಂದಕ್ಕೆ ಹೋದೆ.